ಮುಟ್ಟಾಗದ ಪ್ರಾಣಿಯ ಸಾಕ್ಷ್ಯ

ಎಂಡೊಮೆಟ್ರಿಯೋಸಿಸ್ ಎಂಬ ವ್ಯಾಧಿಯನ್ನು ಅರಿಯುವುದಕ್ಕಾಗಿ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅತ್ಯಧಿಕವಾಗಿ ಬಳಕೆಯಾಗುತ್ತಿರುವ ಪ್ರಾಣಿ ಇಲಿ. ಆ ವ್ಯಾಧಿಯಾದರೋ ಇಲಿಗೆ ತಾನಾಗಿ ಬರುವುದೇ ಇಲ್ಲ. ಬಾರದಿರುವುದಕ್ಕೆ ಕಾರಣವೂ ಸರಳವಾದುದೇ: ಇಲಿ ಮುಟ್ಟಾಗುವುದಿಲ್ಲ. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ತನ್ನ ನೆಲೆಯನ್ನು ಬಿಟ್ಟು ಅಂಡಾಶಯದ ಮೇಲೋ, ಕಿಬ್ಬೊಟ್ಟೆಯ ಒಳಗೋಡೆಗೆ ಹೊದ್ದಿರುವ ಉದರಪೊರೆಯ ಮೇಲೋ, ಕರುಳು ಮೂತ್ರಕೋಶಗಳ ಹೊರಮೈಯಲ್ಲೋ ಬೇರುಬಿಟ್ಟು, ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ತಿಂಗಳು ತಿಂಗಳೂ ಉಬ್ಬಿ ರಕ್ತವನ್ನು ಸುರಿಸಿ, ಆ ರಕ್ತಕ್ಕೆ ಹೊರದಾರಿ ಇಲ್ಲದುದರಿಂದ ಸುತ್ತಣ ಭಾಗಗಳನ್ನು ಉರಿಯೂತಕ್ಕೆ ಗುರಿಮಾಡಿ, ಕಡೆಗೆ ಅಂಗ ಅಂಗಗಳನ್ನೇ ಒಂದಕ್ಕೊಂದು ಅಂಟಿಸಿಬಿಡುವ ಈ ವ್ಯಾಧಿ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹೆರುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಹತ್ತು ಮಂದಿಯನ್ನು, ಎಂದರೆ ಸುಮಾರು 19 ಕೋಟಿ ಜನರನ್ನು ಪೀಡಿಸುತ್ತಿದೆ. ಅದನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ನೋವು ಮೊದಲಾದ ದಿನಕ್ಕೂ ರೋಗದ ಹೆಸರು ತಿಳಿಯುವ ದಿನಕ್ಕೂ ನಡುವೆ ಹಲವು ವರ್ಷಗಳು ಕಳೆದುಹೋಗುವುದು ಮುಂದುವರಿದ ದೇಶಗಳಲ್ಲಿಯೂ ಸಾಮಾನ್ಯ. ಇಂಥ ಸಂಕಟದ ವಿಚಾರಣೆಯಲ್ಲಿ ಮುಟ್ಟೇ ಆಗದ ಪ್ರಾಣಿಯೊಂದನ್ನು ಮುಖ್ಯ ಸಾಕ್ಷಿಯಾಗಿ ಕರೆತಂದಿರುವುದು ಎಷ್ಟರಮಟ್ಟಿಗೆ ಸರಿ, ಆ ಸಾಕ್ಷ್ಯವನ್ನು ಯಾವ ಮೇರೆಯವರೆಗೆ ನಂಬಬಹುದು, ಮೇರೆಯ ಆಚೆಗೆ ಯಾರನ್ನು ಕೇಳಬೇಕು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮಂಡ್ಯದ ಸೀಮೆಯ ಒಕ್ಕಲು ಮಕ್ಕಳಿಗೆ ಪ್ರಾಣಿಯ ಗರ್ಭಚಕ್ರವನ್ನು ಕುರಿತು ಯಾರೂ ಪಾಠ ಹೇಳಬೇಕಾದುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಕಬ್ಬು ಭತ್ತಗಳ ನಾಡಾದ ಈ ಪ್ರದೇಶ ಹಾಲಿನ ನಾಡೂ ಹೌದು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇದೆ, ಹಳ್ಳಿಹಳ್ಳಿಯಲ್ಲಿಯೂ ಬೆಳಗು ಬೈಗು ಹಾಲು ಅಳೆಸಿಕೊಳ್ಳುವ ಸಂಘ ಇದೆ. ಹಸು ನಸುಕಿನಲ್ಲಿ ಕಾರಣವಿಲ್ಲದೆ ಕೂಗಿದರೆ, ಮೇವು ಬಿಟ್ಟು ಚಡಪಡಿಸಿದರೆ, ಬಾಲದ ಬುಡದಿಂದ ತಿಳಿಯಾದ ಲೋಳೆ ಎಳೆಎಳೆಯಾಗಿ ಇಳಿಬಿದ್ದರೆ, ಮನೆಯ ಹೆಂಗಸು ಕೊಟ್ಟಿಗೆಯ ಸಗಣಿ ಬಾಚುವಾಗಲೇ ಅದನ್ನು ಕಂಡು, ಹಸು ಬೆದೆಗೆ ಬಂದಿದೆ, ಡಾಕ್ಟರಿಗೆ ಫೋನು ಮಾಡಿ ಎಂದು ಗಂಡಸರಿಗೆ ಹೇಳುತ್ತಾಳೆ. ಬೆಳಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನದ ಬೆಳಗ್ಗೆಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬ ಲೆಕ್ಕ ಆಕೆಗೆ ಬಾಯಿಪಾಠ. ಇಪ್ಪತ್ತೊಂದನೆಯ ದಿನಕ್ಕೆ ಅದು ಮತ್ತೆ ಕೂಗಿದರೆ ಗಬ್ಬ ಕಟ್ಟಿಲ್ಲವೆಂದು ತಿಳಿಯುತ್ತಾಳೆ. ಬೆದೆ ಇಳಿದ ಎರಡು ಮೂರು ದಿನಕ್ಕೆ ಕೆಲವು ಹಸುಗಳಲ್ಲಿ ಸ್ವಲ್ಪ ರಕ್ತ ಕಾಣಿಸುವುದುಂಟು. ಬೀದಿಯ ಹೆಣ್ಣುನಾಯಿಯಾದರೆ ಬೆದೆಗೆ ಬರುವ ಮುನ್ನವೇ ರಕ್ತವನ್ನು ತೊಟ್ಟಿಕ್ಕಿಸುತ್ತದೆ. ಇವನ್ನು ನೋಡಿದವರು ಪ್ರಾಣಿಗಳೂ ಹೆಂಗಸರಂತೆಯೇ ಮುಟ್ಟಾಗುತ್ತವೆ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅನೇಕ ಮಂದಿ ವಿದ್ಯಾವಂತರೂ ಹಾಗೆಯೇ ಭಾವಿಸಿರುವುದನ್ನು ನಾನು ಬಲ್ಲೆ.

ವಾಸ್ತವವಾಗಿ ಅವೆರಡೂ ಮುಟ್ಟಲ್ಲ. ಹಸುವಿನಲ್ಲಿಯೂ ನಾಯಿಯಲ್ಲಿಯೂ ರಕ್ತ ಒಸರುವುದು ಈಸ್ಟ್ರೊಜೆನ್ನಿನ ಪ್ರಭಾವದಿಂದ ಒಳಪೊರೆಯ ಸೂಕ್ಷ್ಮ ರಕ್ತನಾಳಗಳು ತುಂಬಿ ಬಿರಿಯುವುದರಿಂದ. ಪೊರೆಯೇ ಕಳಚಿ ಬೀಳುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರನ್ನು ನಾಡಿಗೆಲ್ಲ ಹರಡಿದ ಕುರಿ ಹದಿನೇಳು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬ ಕಟ್ಟದಿದ್ದರೆ ಅದರ ಗರ್ಭಕೋಶದ ಪೊರೆ ಸದ್ದಿಲ್ಲದೆ ಕುಗ್ಗಿ ಮುಂದಿನ ಸುತ್ತಿಗೆ ಸಿದ್ಧವಾಗುತ್ತದೆ. ಸ್ತ್ರೀಯ ದೇಹ ಹಾಗೆ ಕಾದು ನೋಡುವುದಿಲ್ಲ. ಭ್ರೂಣ ಬರಲಿ ಬಾರದಿರಲಿ, ಪ್ರೊಜೆಸ್ಟರಾನ್ ಏರಿದೊಡನೆಯೇ ಅವಳ ಒಳಪೊರೆಯ ಜೀವಕೋಶಗಳು ಗರ್ಭವನ್ನು ಎದುರುಗೊಳ್ಳಲು ಬೇಕಾದ ರೂಪಾಂತರವನ್ನು ತಾವಾಗಿಯೇ ಹೊಂದಿಬಿಡುತ್ತವೆ. ಆ ರೂಪಾಂತರದಿಂದ ಹಿಂದಿರುಗುವ ದಾರಿ ಇಲ್ಲದುದರಿಂದ, ಪ್ರೊಜೆಸ್ಟರಾನ್ ಇಳಿದಾಗ ಪೊರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಇಲಿಯಲ್ಲಿ ಇದೇ ರೂಪಾಂತರ ಆಗಬೇಕಾದರೆ ಭ್ರೂಣವೇ ಬಂದು ಪೊರೆಗೆ ತಾಕಬೇಕು. ನಾಲ್ಕೈದು ದಿನಗಳ ಅದರ ಚಕ್ರದಲ್ಲಿ ಮುಟ್ಟಿಗೆ ಎಡೆಯೇ ಇಲ್ಲ. ಸಸ್ತನಿಗಳ ಅಪಾರ ಸಂಖ್ಯೆಯಲ್ಲಿ ನಿಜವಾಗಿ ಮುಟ್ಟಾಗುವವು ಬೆರಳೆಣಿಕೆಯ ಗುಂಪುಗಳು: ಮನುಷ್ಯ, ಅನೇಕ ಜಾತಿಯ ವಾನರಗಳು, ಕೆಲವು ಬಾವಲಿಗಳು, ಆಫ್ರಿಕದ ಎಲಿಫೆಂಟ್ ಶ್ರೂ ಎಂಬ ಸಣ್ಣ ಜೀವಿ, ಇವುಗಳ ಜೊತೆಗೆ, 2017ರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದವರು ತೋರಿಸಿಕೊಟ್ಟಂತೆ, ಬೆನ್ನಿನ ಮೇಲೆ ಒರಟು ಮುಳ್ಳುಗೂದಲುಳ್ಳ ಒಂದು ಜಾತಿಯ ಇಲಿ. ಎಂಡೊಮೆಟ್ರಿಯೋಸಿಸ್ ತಾನಾಗಿ ಕಾಣಿಸಿಕೊಳ್ಳುವುದು ಇಂಥ ಮುಟ್ಟಾಗುವ ಜೀವಿಗಳಲ್ಲಿ. ಮನುಷ್ಯರನ್ನು ಬಿಟ್ಟರೆ ಮುಖ್ಯವಾಗಿ ಬಬೂನು, ರೀಸಸ್ ಮೊದಲಾದ ಕೋತಿಗಳಲ್ಲಿ.

ಕೊಟ್ಟಿಗೆಯ ಸೂಕ್ಷ್ಮವನ್ನು ಇಷ್ಟು ಬಲ್ಲ ಮನೆಯಲ್ಲಿ ಮಗಳ ಕಿಬ್ಬೊಟ್ಟೆಯ ನೋವು ಮಾತ್ರ ಲೆಕ್ಕಕ್ಕೆ ಬಾರದೆ ಹೋಗುವುದನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ತಿಂಗಳಿಗೆ ಮೂರು ದಿನ ಶಾಲೆಗೆ ಹೋಗಲಾರದೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಮಲಗಿದ ಹುಡುಗಿಗೆ ಸಿಕ್ಕುವ ಉತ್ತರ, ಹೆಣ್ಣಾಗಿ ಹುಟ್ಟಿದ ಮೇಲೆ ಇದು ಇದ್ದದ್ದೇ ಎಂಬುದು. ಸ್ವಲ್ಪ ದೊಡ್ಡವಳಾದರೆ, ಮದುವೆಯಾದರೆ ಸರಿಹೋಗುತ್ತೆ ಎಂಬುದು. ಮದುವೆಯೂ ಆಗಿದ್ದರೆ, ಒಂದು ಮಗುವಾಗಲಿ ಎಂಬುದು. ಮಕ್ಕಳೂ ಆದ ಮೇಲೆ, ಗರ್ಭಕೋಶ ತೆಗೆಸಿಬಿಡಿ ಎಂಬುದು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಮುಟ್ಟಾದವಳು ಹುಳುಮನೆಗೆ ಕಾಲಿಡಬಾರದೆಂಬ ಕಟ್ಟಳೆಯನ್ನು ಕೆಲವೆಡೆ ಇಂದಿಗೂ ಪಾಲಿಸುತ್ತಾರೆ. ಹುಳುವಿಗೆ ಏನಾದೀತೋ ಎಂಬ ಆತಂಕ ಇರುವಷ್ಟು, ಹೊರಗೆ ಕುಳಿತವಳಿಗೆ ಏನಾಗುತ್ತಿದೆ ಎಂಬ ವಿಚಾರಣೆ ಇರುವುದಿಲ್ಲ. ತಾಯಂದಿರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೂ ಅವರ ತಾಯಂದಿರಿಂದ ಅದೇ ಉತ್ತರ ಸಿಕ್ಕಿತ್ತು, ವೈದ್ಯರಿಂದಲೂ ಬಹುಪಾಲು ಅದೇ. ಈ ಮಾತನ್ನು ಇಲ್ಲಿಯೇ ಹೇಳಿದುದೇಕೆಂದರೆ, ಪ್ರಾಣಿಯ ದೇಹವನ್ನು ಗಮನವಿಟ್ಟು ಓದುತ್ತ ಸ್ತ್ರೀಯ ಮಾತನ್ನು ಕೇಳದೆ ಬಿಡುವ ಅಭ್ಯಾಸ ಕೊಟ್ಟಿಗೆಯಲ್ಲಿ ಮಾತ್ರವೇ ಇರುವುದಲ್ಲ. ಬಹುಕಾಲ ವಿಜ್ಞಾನವೂ ಅದನ್ನೇ ಮಾಡಿತು.

ರೋಗದ ಮೂಲವನ್ನು ಕುರಿತು ಇಂದಿಗೂ ಹೆಚ್ಚಿನ ಮನ್ನಣೆಯುಳ್ಳ ಸಿದ್ಧಾಂತವನ್ನು 1927ರಲ್ಲಿ ಮಂಡಿಸಿದವರು ಅಮೆರಿಕದ ಆಲ್ಬನಿ ನಗರದ ಸ್ತ್ರೀರೋಗತಜ್ಞ ಜಾನ್ ಸ್ಯಾಂಪ್ಸನ್. ಅಂಡಾಶಯದಲ್ಲಿ ಹಳೆಯ ರಕ್ತ ಮಡುಗಟ್ಟಿ ಕಡುಕಂದಾದ ಚೀಲಗಳನ್ನು, ಇಂದು ಸ್ಕ್ಯಾನಿಂಗ್ ವರದಿಗಳಲ್ಲಿ ಚಾಕೊಲೇಟ್ ಸಿಸ್ಟ್ ಎಂದು ಬರೆಯುತ್ತಾರಲ್ಲ ಅವನ್ನು, ಅವರು 1921ರಲ್ಲಿಯೇ ವರ್ಣಿಸಿದ್ದರು. ಮುಟ್ಟಿನ ರಕ್ತದ ಒಂದಂಶ ಹೊರಕ್ಕೆ ಬಾರದೆ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಉದರವನ್ನು ಸೇರುತ್ತದೆ, ಅದರಲ್ಲಿರುವ ಒಳಪೊರೆಯ ಚೂರುಗಳು ಅಲ್ಲಿ ನೆಲೆಯೂರುತ್ತವೆ ಎಂಬುದು ಅವರ ವಾದ. ವಾದ ಸಮಂಜಸವಾಗಿಯೇ ಇದೆ. ಆದರೆ ಅದರಿಂದ ಹುಟ್ಟುವ ಪ್ರಶ್ನೆ ವಾದಕ್ಕಿಂತ ದೊಡ್ಡದು. 1984ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಂತೆ, ಅಂಡನಾಳ ತೆರೆದಿರುವ ಸ್ತ್ರೀಯರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಈ ಹಿಮ್ಮುಖ ಸ್ರಾವ ಇದ್ದೇ ಇರುತ್ತದೆ. ರೋಗ ಬರುವುದು ಹತ್ತು ಮಂದಿಗೆ. ಉಳಿದ ಎಂಬತ್ತು ಮಂದಿಯ ಉದರದಲ್ಲಿ ಅದೇ ಚೂರುಗಳು ಏಕೆ ನಾಶವಾದವು, ಈ ಹತ್ತು ಮಂದಿಯಲ್ಲಿ ಏಕೆ ಉಳಿದವು? ಪ್ರಾಣಿಯನ್ನು ಕೇಳಬೇಕಾಗಿದ್ದ ಪ್ರಶ್ನೆ ಇದು. ಎಂದರೆ ರೋಗದ ಹುಟ್ಟಿನ ಪ್ರಶ್ನೆ.

ಆ ಪ್ರಶ್ನೆಯನ್ನು ಕೋತಿಗಳಿಗೆ ಕೇಳಲಾಯಿತು. 1950ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಟೆ ಲಿಂಡೆ ಮತ್ತು ಸ್ಕಾಟ್ ಎಂಬ ವೈದ್ಯರು ರೀಸಸ್ ಕೋತಿಗಳ ಗರ್ಭಕೋಶದ ಕೊರಳನ್ನು ಬಿಡಿಸಿ, ಮುಟ್ಟಿನ ಸ್ರಾವವೆಲ್ಲ ಉದರದೊಳಕ್ಕೇ ಬೀಳುವಂತೆ ಶಸ್ತ್ರಕ್ರಿಯೆ ಮಾಡಿ ಕಾದರು. ಹಲವು ಕೋತಿಗಳಲ್ಲಿ ಕಾಲಕ್ರಮದಲ್ಲಿ ರೋಗ ಕಾಣಿಸಿಕೊಂಡು ಸ್ಯಾಂಪ್ಸನ್ನರ ವಾದಕ್ಕೆ ಬಲ ಬಂದಿತು. ಆ ಕಾಲದಲ್ಲಿ ಜಗತ್ತಿನ ಪ್ರಯೋಗಶಾಲೆಗಳಿಗೆ ರೀಸಸ್ ಕೋತಿಗಳು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದಿಂದಲೇ. ಪೋಲಿಯೊ ಲಸಿಕೆಯ ಬೇಡಿಕೆ ಉತ್ಕಟವಾಗಿದ್ದ ದಶಕದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಕೋತಿಗಳು ಹೀಗೆ ಸಾಗಿಹೋದವು. ವೈದ್ಯಕೀಯಕ್ಕೆಂದು ಕೊಟ್ಟ ಪ್ರಾಣಿಗಳನ್ನು ವಿಕಿರಣಾಯುಧಗಳ ಪರೀಕ್ಷೆಗೂ ಬಳಸುತ್ತಿದ್ದಾರೆಂಬುದು ಹೊರಬಿದ್ದ ಮೇಲೆ, 1978ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಲ್ಲಿಸಿತು. ವಿಕಿರಣಕ್ಕೆ ಒಡ್ಡಿ ಉಳಿಸಿಕೊಂಡಿದ್ದ ಅಮೆರಿಕದ ಹೆಣ್ಣುಕೋತಿಗಳಲ್ಲಿ ವರ್ಷಗಳ ಅನಂತರ ಎಂಡೊಮೆಟ್ರಿಯೋಸಿಸ್ ಅಸಾಧಾರಣ ಪ್ರಮಾಣದಲ್ಲಿ ಕಾಣಿಸಿಕೊಂಡಿತೆಂದು 1991ರಲ್ಲಿ ವರದಿಯಾಯಿತು. ರೋಗದ ಬಗೆಗೆ ನಾವು ತಿಳಿದಿರುವುದರಲ್ಲಿ ಒಂದು ಭಾಗ ಇಂಥ ಮೂಲದಿಂದಲೂ ಬಂದಿದೆ ಎಂಬುದನ್ನು ಮರೆಮಾಚದೆ ಹೇಳಬೇಕು. ಮುಂದೆ ಈ ಕಾರ್ಯದ ಮುಖ್ಯ ಭಾರವನ್ನು ಹೊತ್ತದ್ದು ಆಫ್ರಿಕದ ಬಬೂನು. ಕೀನ್ಯದ ನೈರೋಬಿಯ ವಾನರ ಸಂಶೋಧನ ಸಂಸ್ಥೆಯಲ್ಲಿ ಬಬೂನಿನ ಹಿಮ್ಮುಖ ಸ್ರಾವವನ್ನೂ ಅದರಲ್ಲಿ ರೋಗ ತಾನಾಗಿ ಹುಟ್ಟಿ ಬೆಳೆಯುವ ಕ್ರಮವನ್ನೂ ವರ್ಷಗಟ್ಟಲೆ ಗಮನಿಸಿದರು.

ಆದರೆ ವಾನರವನ್ನು ಸಾಕುವುದು ದುಬಾರಿ, ಬಹುಕಾಲ ಹಿಡಿಯುವ ಕೆಲಸ, ಮನಸ್ಸಾಕ್ಷಿಗೂ ಭಾರ. ಆದುದರಿಂದ ಇಲಿಯ ಕಡೆಗೆ ತಿರುಗಿದರು. 1985ರಲ್ಲಿ ವರ್ನನ್ ಮತ್ತು ವಿಲ್ಸನ್ ಎಂಬವರು ರೂಢಿಗೆ ತಂದ ವಿಧಾನವನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ನೂರಾರು ಪ್ರಬಂಧಗಳು ಅದರ ಮೇಲೆ ನಿಂತಿವೆ. ಇಲಿಯ ಗರ್ಭಕೋಶಕ್ಕೆ ಎರಡು ಕೊಂಬುಗಳಿರುತ್ತವೆ. ಅರಿವಳಿಕೆ ಕೊಟ್ಟು ಹೊಟ್ಟೆಯನ್ನು ಬಿಡಿಸಿ, ಒಂದು ಕೊಂಬಿನ ತುಂಡನ್ನು ಕತ್ತರಿಸಿ ತೆಗೆದು, ಅದನ್ನು ಉದ್ದಕ್ಕೆ ಸೀಳಿ ಹರಡಿ, ಕೆಲವೇ ಮಿಲಿಮೀಟರುಗಳ ಚೌಕಗಳನ್ನಾಗಿ ಮಾಡಿ, ಒಳಪೊರೆಯ ಮುಖ ಒಳಕ್ಕೆ ಇರುವಂತೆ ಕರುಳಿಗೆ ರಕ್ತ ಒಯ್ಯುವ ನಾಳಗಳ ಪಕ್ಕದಲ್ಲಿ ಕೂದಲೆಳೆಯ ದಾರದಿಂದ ಹೊಲಿಯುತ್ತಾರೆ; ಹೊಟ್ಟೆಯನ್ನು ಮುಚ್ಚುತ್ತಾರೆ. ಕೆಲವು ವಾರಗಳಲ್ಲಿ ಆ ಚೌಕಗಳು ದ್ರವ ತುಂಬಿದ ಗುಳ್ಳೆಗಳಾಗಿ ಊದಿರುತ್ತವೆ. ಅವನ್ನು ಅಳೆಯಬಹುದು, ಔಷಧ ಕೊಟ್ಟು ಕುಗ್ಗಿದವೇ ಎಂದು ಮತ್ತೆ ಅಳೆಯಬಹುದು. ಅಳತೆಗೆ ಸಿಕ್ಕುವುದೇ ಈ ವಿಧಾನದ ದೊಡ್ಡ ಆಕರ್ಷಣೆ. ಚಿಟ್ಟಿಲಿಯಲ್ಲಾದರೆ ಒಂದರ ಗರ್ಭಕೋಶವನ್ನು ನುಣ್ಣಗೆ ಕತ್ತರಿಸಿ ಇನ್ನೊಂದರ ಉದರಕ್ಕೆ ಚುಚ್ಚುವುದುಂಟು. ಎಡಿನ್‌ಬರೋದವರು 2014ರಲ್ಲಿ, ಹಾರ್ಮೋನುಗಳನ್ನು ಕೊಟ್ಟು ಹಿಂತೆಗೆದು ಚಿಟ್ಟಿಲಿಯಲ್ಲಿ ಕೃತಕವಾಗಿ ಮುಟ್ಟನ್ನು ಉಂಟುಮಾಡಿ, ಆ ಅಂಗಾಂಶವನ್ನೇ ಬಳಸಿದರು. ಇದು ನಿಜಕ್ಕೆ ಒಂದು ಹೆಜ್ಜೆ ಹತ್ತಿರ. ಆದರೂ ಗಮನಿಸಬೇಕಾದ ಸಂಗತಿ ಇದೆ: ಈ ಎಲ್ಲ ವಿಧಾನಗಳಲ್ಲಿಯೂ ರೋಗವನ್ನು ಮೊದಲೇ ಹೊಲಿದೋ ಚುಚ್ಚಿಯೋ ಇಟ್ಟಾಗಿರುತ್ತದೆ. ಎಂಬತ್ತು ಮಂದಿ ಏಕೆ ಪಾರಾದರು ಎಂಬ ಪ್ರಶ್ನೆಗೆ, ಚೂರು ಅಲ್ಲಿ ಹೇಗೆ ಅಂಟಿತು ಎಂಬ ಪ್ರಶ್ನೆಗೆ, ಕೈಯಿಂದ ಅಂಟಿಸಿದ ಪ್ರಯೋಗ ಹೇಗೆ ತಾನೇ ಉತ್ತರ ಹೇಳೀತು? ಇಲಿಯನ್ನು ಆರಿಸಿಕೊಂಡ ಕ್ಷಣದಲ್ಲಿಯೇ ಆ ಪ್ರಶ್ನೆಯನ್ನು ನಾವು ಕೈಬಿಟ್ಟೆವು. ಕೈಬಿಟ್ಟೆವೆಂದು ಬಾಯಿಬಿಟ್ಟು ಹೇಳಲಿಲ್ಲ.

ಅದರ ಬೆಲೆ ಚಿಕಿತ್ಸೆಯ ಕ್ಷೇತ್ರದಲ್ಲಿ ತೆರಬೇಕಾಯಿತು. ರಾಲೊಕ್ಸಿಫೀನ್ ಎಂಬ ಔಷಧ ಪ್ರಾಣಿಗಳಲ್ಲಿ ಈ ರೋಗದ ಗಂಟುಗಳನ್ನು ಕುಗ್ಗಿಸಿತು. ಅದನ್ನು ನಂಬಿ ಅಮೆರಿಕದಲ್ಲಿ, ಶಸ್ತ್ರಕ್ರಿಯೆಯಿಂದ ಗಂಟುಗಳನ್ನು ತೆಗೆಸಿಕೊಂಡ ಸ್ತ್ರೀಯರಿಗೆ ಕೊಟ್ಟು ನೋಡಿದಾಗ, ಔಷಧವಿಲ್ಲದ ಹುಸಿಗುಳಿಗೆ ತೆಗೆದುಕೊಂಡವರಿಗಿಂತ ಔಷಧ ತೆಗೆದುಕೊಂಡವರಲ್ಲಿಯೇ ನೋವು ಬೇಗ ಮರುಕಳಿಸಿತು. ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಅದೇ ವರ್ಷ ಬೆಲ್ಜಿಯಮ್ಮಿನಿಂದ ಇನ್ನೊಂದು ವಾರ್ತೆ ಬಂದಿತು. ಉರಿಯೂತವನ್ನು ಕೆರಳಿಸುವ ಟಿಎನ್ಎಫ್ ಎಂಬ ದ್ರವ್ಯವನ್ನು ತಡೆದರೆ ಬಬೂನುಗಳಲ್ಲಿ ರೋಗ ಹಿಂಜರಿಯುತ್ತಿತ್ತು; ಅದೇ ದ್ರವ್ಯವನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಸ್ತ್ರೀಯರ ನೋವಿನ ಮೇಲೆ ಹುಸಿಮದ್ದಿಗಿಂತ ಹೆಚ್ಚಿನ ಯಾವ ಪರಿಣಾಮವನ್ನೂ ಮಾಡಲಿಲ್ಲ. ಎರಡನೆಯ ಉದಾಹರಣೆ ಮೊದಲನೆಯದಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ. ಬಬೂನು ಮುಟ್ಟಾಗುವ ಪ್ರಾಣಿ, ಅದಕ್ಕೆ ಈ ರೋಗ ತಾನಾಗಿಯೂ ಬರುತ್ತದೆ, ಆದರೂ ಅದರ ಸಾಕ್ಷ್ಯ ತಪ್ಪಿತು. ಏಕೆಂದರೆ ಅದನ್ನು ಕೇಳಿದ್ದು ಗಂಟುಗಳೆಷ್ಟು, ಗಾತ್ರವೆಷ್ಟು ಎಂಬುದನ್ನು, ಸ್ತ್ರೀಯರನ್ನು ಕೇಳಿದ್ದು ನೋವೆಷ್ಟು ಎಂಬುದನ್ನು. ಈ ವ್ಯಾಧಿಯಲ್ಲಿ ಗಂಟಿಗೂ ನೋವಿಗೂ ಸರಿಯಾದ ಅನುಪಾತವಿಲ್ಲ: ಉದರವೆಲ್ಲ ಅಂಟಿಕೊಂಡಿದ್ದರೂ ನೋವನ್ನೇ ಅರಿಯದವರಿದ್ದಾರೆ, ಸಾಸಿವೆಯಷ್ಟು ಚುಕ್ಕೆಗಳಿಂದಲೇ ಮೇಲೇಳಲಾರದವರೂ ಇದ್ದಾರೆ. ಈ ಸಂಗತಿ ವೈದ್ಯರಿಗೆ ಬಹಳ ಹಿಂದಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಗಂಟನ್ನೇ ಅಳೆದರು.

ಇಲ್ಲಿಗೆ ಬಂದವರು ಒಂದು ತೀರ್ಮಾನಕ್ಕೆ ಹಾರುವ ಸಂಭವವಿದೆ: ಹಾಗಾದರೆ ಪ್ರಾಣಿಪ್ರಯೋಗವೆಲ್ಲ ವ್ಯರ್ಥ, ಕ್ರೂರವೂ ವ್ಯರ್ಥವೂ ಆದುದನ್ನು ಇಂದೇ ನಿಲ್ಲಿಸಬೇಕು ಎಂದು. ಆ ಮಾತಿನ ಹಿಂದಿರುವ ಕರುಣೆಯನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಫ್ಲಾರಿಡದ ಕ್ಯಾರೆನ್ ಬರ್ಕ್ಲಿ ಮತ್ತು ಅವರ ಸಂಗಡಿಗರು ಇಲಿಯನ್ನು ಬೇರೆ ಪ್ರಶ್ನೆ ಕೇಳಿದರು. ಗಂಟಿನ ಗಾತ್ರವನ್ನು ಬದಿಗಿಟ್ಟು, ಯೋನಿಯ ಒಳಗೆ ಪುಟ್ಟ ಬಲೂನನ್ನು ಮೆಲ್ಲನೆ ಉಬ್ಬಿಸಿ, ಒತ್ತಡ ಸಹಿಸಲಾರದಾದಾಗ ಅದನ್ನು ತಾನೇ ನಿಲ್ಲಿಸಿಕೊಳ್ಳುವ ಉಪಾಯವನ್ನು ಇಲಿಗೆ ಕಲಿಸಿದರು. ಹೊಲಿಗೆ ಹಾಕಿಸಿಕೊಂಡ ಇಲಿಗಳು ಆರೋಗ್ಯವಂತ ಇಲಿಗಳಿಗಿಂತ ಬೇಗನೆ ನಿಲ್ಲಿಸಿಕೊಂಡವು. ಗುಳ್ಳೆಗಳು ಇದ್ದುದು ಕರುಳಿನ ಬಳಿ, ನೋವು ಹೆಚ್ಚಿದ್ದು ಅಲ್ಲಿಂದ ದೂರವಾದ ಬೇರೊಂದು ಅಂಗದಲ್ಲಿ. 2004ರಲ್ಲಿ ಅವರು ಆ ಗುಳ್ಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗುಳ್ಳೆಗಳೊಳಕ್ಕೆ ಹೊಸ ನರತಂತುಗಳು ಚಿಗುರಿ ಬಂದಿವೆ ಎಂದು ತೋರಿಸಿದರು. ಸ್ತ್ರೀಯರ ಗಂಟುಗಳಲ್ಲಿಯೂ ನರತಂತುಗಳಿರುವುದು ದೃಢಪಟ್ಟಿತು. ಇಷ್ಟು ವರ್ಷ ಎಲ್ಲ ಮನಸ್ಸಿನ ಭ್ರಮೆ ಎಂದು ಹೇಳಿಸಿಕೊಂಡ ಸ್ತ್ರೀಯರ ಮಾತಿಗೆ ದೇಹದಲ್ಲಿಯೇ ಆಧಾರವಿದೆ ಎಂಬುದನ್ನು ಕಾಣಿಸುವುದರಲ್ಲಿ ಇಲಿಗೂ ಪಾಲಿದೆ. 2021ರ ಇನ್ನೊಂದು ಅಧ್ಯಯನದ ಕ್ರಮ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದುದು. ಆಕ್ಸ್‌ಫರ್ಡ್ ಮತ್ತು ಅಮೆರಿಕದ ಸಂಶೋಧಕರು ಮೊದಲು ರೋಗವಿರುವ ಮನೆತನಗಳ ಸ್ತ್ರೀಯರ ವಂಶವಾಹಿಗಳನ್ನು ಓದಿದರು. ಅನಂತರ ರೋಗ ತಾನಾಗಿ ಬಂದ ರೀಸಸ್ ಕೋತಿಗಳ ವಂಶವಾಹಿಗಳನ್ನು ಓದಿದರು. ಎರಡರಲ್ಲಿಯೂ ಎನ್‌ಪಿಎಸ್‌ಆರ್1 ಎಂಬ ಒಂದೇ ವಂಶವಾಹಿಯ ಕಡೆಗೆ ಬೆರಳು ತೋರಿದ ಮೇಲೆಯೇ, ಅದರ ಕಾರ್ಯವನ್ನು ತಡೆದರೆ ಉರಿಯೂತವೂ ನೋವೂ ಇಳಿಯುವುದೇ ಎಂದು ಚಿಟ್ಟಿಲಿಯಲ್ಲಿ ಪರೀಕ್ಷಿಸಿದರು. ಇಲ್ಲಿ ಮೊದಲ ಮಾತು ಸ್ತ್ರೀಯದು, ಇಲಿಯದು ಕಡೆಯ ಮಾತು. 2023ರಲ್ಲಿ ಜಪಾನಿನ ನಗೋಯ ವಿಶ್ವವಿದ್ಯಾನಿಲಯದವರು, ರೋಗವಿರುವ ಸ್ತ್ರೀಯರಲ್ಲಿ ಶೇಕಡ 64 ಮಂದಿಯ ಗರ್ಭಕೋಶದ ಪೊರೆಯಲ್ಲಿ ಫ್ಯೂಸೊಬ್ಯಾಕ್ಟೀರಿಯಮ್ ಎಂಬ ಸೂಕ್ಷ್ಮಜೀವಿಯನ್ನು ಕಂಡು, ಆಮೇಲೆ ಚಿಟ್ಟಿಲಿಯಲ್ಲಿ ಅದರ ಪಾತ್ರವನ್ನು ಪರಿಶೀಲಿಸಿದುದೂ ಇದೇ ಕ್ರಮದಲ್ಲಿ. ಚಿಟ್ಟಿಲಿಯಲ್ಲಿ ಪ್ರತಿಜೀವಕದಿಂದ ಗಂಟು ಕುಗ್ಗಿತೆಂಬುದರಿಂದ ಸ್ತ್ರೀಗೂ ಅದೇ ಮದ್ದು ಎಂದು ಹೇಳುವ ಕಾಲ ಇನ್ನೂ ಬಂದಿಲ್ಲ.

ನಮ್ಮಲ್ಲಿ ಇಂಥ ಕೆಲಸಕ್ಕೆ ಬೇಕಾದ ಪ್ರಾಣಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ, ಕಾವೇರಿಯ ದಡದ ಆಂಜನೇಯನ ಗುಡಿಯ ಮುಂದೆ, ಯಾತ್ರಿಕರ ಕೈಯ ಬಾಳೆಹಣ್ಣಿನ ಚಿಪ್ಪಿಗೆ ಹೊಂಚಿ ಕುಳಿತಿರುವ ಕೋತಿಗಳನ್ನು ಕಾಣದವರಾರು? ನೆತ್ತಿಯ ಕೂದಲು ನಡುವಿನಿಂದ ಸುತ್ತಲೂ ಹರಡಿದ, ಉದ್ದ ಬಾಲದ ಈ ಜಾತಿ ದಕ್ಷಿಣ ಭಾರತದ ಪರ್ಯಾಯದ್ವೀಪವನ್ನು ಬಿಟ್ಟರೆ ಬೇರೆಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಗುಡಿಯ ಕಟ್ಟೆಯ ಮೇಲೆ ಕುಳಿತ ಆ ಹೆಣ್ಣುಕೋತಿ ಸುಮಾರು ಇಪ್ಪತ್ತೆಂಟು ದಿನಗಳಿಗೊಮ್ಮೆ ಮುಟ್ಟಾಗುವ ಜಾತಿಯದು. ಸ್ರಾವ ದೂರದಿಂದ ನೋಡುವವನ ಕಣ್ಣಿಗೆ ಬೀಳುವಷ್ಟು ಧಾರಾಳವಲ್ಲದುದರಿಂದ ಯಾತ್ರಿಕನಿಗೆ ಅದು ತಿಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಅಭ್ಯಸಿಸಿದ್ದು ಇದೇ ಜಾತಿಯ ಕೋತಿಗಳಲ್ಲಿ. ಮನುಷ್ಯಸ್ತ್ರೀಯ ಚಕ್ರಕ್ಕೆ ಇಷ್ಟು ಸಮೀಪವಾದ ಜೀವಿ ನಮ್ಮ ಹೊಲಗಳ ಅಂಚಿನಲ್ಲಿಯೇ ಇರುವಾಗ ಅದನ್ನೇ ಎಂಡೊಮೆಟ್ರಿಯೋಸಿಸ್‌ಗೆ ಮಾದರಿಯಾಗಿ ಮಾಡಬಾರದೇಕೆ ಎಂದು ಕೇಳುವವರಿರಬಹುದು.

ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಒಂದು ನೆಲೆ ಇದೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆ ದಾರಿ ತೆರೆದ ಮೇಲೆ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 17ನೆಯ ಪ್ರಕರಣ ಎರಡು ಮಾತುಗಳನ್ನು ಹೇಳುತ್ತದೆ: ಸಾಧ್ಯವಿರುವ ಕಡೆಯಲ್ಲೆಲ್ಲ ಪ್ರಾಣಿಪ್ರಯೋಗವನ್ನು ವರ್ಜಿಸಬೇಕು, ಇಲಿ, ಮೊಲ, ಕಪ್ಪೆಗಳಂಥ ಸಣ್ಣ ಪ್ರಾಣಿಗಳಿಂದ ಅದೇ ಫಲಿತಾಂಶ ಪಡೆಯಬಹುದಾದಾಗ ದೊಡ್ಡ ಪ್ರಾಣಿಗಳನ್ನು ಬಳಸಬಾರದು. ಎರಡನೆಯ ಮಾತಿನ ಬಲದ ಮೇಲೆ, ಇಲಿಯೆಂದೊಡನೆ ಆಕ್ಷೇಪಣೆಗೆ ಎಡೆಯಿಲ್ಲವೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಕಾಯಿದೆ ಕೇಳುವುದು ಅದೇ ಫಲಿತಾಂಶವನ್ನು. ಮುಟ್ಟು ಎಂಬುದೇ ವಿಷಯವಾದ ಕಡೆ ಮುಟ್ಟಾಗದ ಪ್ರಾಣಿಯಿಂದ ಅದೇ ಫಲಿತಾಂಶ ಬಾರದು. ಹಾಗೆಂದು ಕೋತಿಯನ್ನು ತರೋಣವೆಂದರೆ ಮೊದಲನೆಯ ಮಾತು ಅಡ್ಡ ನಿಲ್ಲುತ್ತದೆ: ಪ್ರಾಣಿಯೇ ಇಲ್ಲದೆ ಉತ್ತರ ಪಡೆಯುವ ದಾರಿ ಮುಗಿದಿದೆಯೇ? ನನ್ನ ಅಭಿಪ್ರಾಯದಲ್ಲಿ ಮುಗಿದಿಲ್ಲ. ಅಲ್ಲದೆ, ಈ ಕೋತಿ ಎಲ್ಲೆಲ್ಲಿಯೂ ಹೇರಳವಾಗಿದೆ ಎಂಬ ನಮ್ಮ ಕಲ್ಪನೆಯೂ ತಪ್ಪು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ದಕ್ಷಿಣ ಕರ್ನಾಟಕದ ರಸ್ತೆಬದಿಯ ಕೋತಿಗಳನ್ನು ದೀರ್ಘಕಾಲ ಎಣಿಸಿ, ಇಪ್ಪತ್ತೈದು ವರ್ಷಗಳಲ್ಲಿ ಅವುಗಳ ಸಂಖ್ಯೆ ಶೇಕಡ 65ಕ್ಕೂ ಹೆಚ್ಚು ಇಳಿದಿದೆಯೆಂದು 2017ರಲ್ಲಿ ಪ್ರಕಟಿಸಿದರು. ಪ್ರಾಣಿಯ ಸಂಕಟವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಭಾವನೆ ಪಶ್ಚಿಮದಿಂದ ಬಂದ ಹೊಸ ಮಾತೆಂದು ಹೇಳುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಬೇಕು. ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಕೊಕ್ಕರೆಗಳನ್ನು ಅಲ್ಲಿಯ ಜನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತ ಬಂದಿದ್ದಾರೆ. ತವರಿಗೆ ಬಂದ ನಿಜವಾದ ಹೆಣ್ಣುಮಗಳ ನೋವಿಗೂ ಪ್ರಾಣಿಯ ನೋವಿಗೂ ನ್ಯಾಯ ಒದಗಿಸಬೇಕಾದ ಇಕ್ಕಟ್ಟು ಇಲ್ಲಿಯದು. ಒಂದನ್ನು ಮರೆತು ಇನ್ನೊಂದನ್ನು ಬಿಡಿಸುವುದು ಬಿಡಿಸಿದಂತಲ್ಲ.

ಪ್ರಾಣಿಯಿಲ್ಲದ ದಾರಿ ಎಂದೆನಲ್ಲ, ಅದು ಕನಸಿನ ಮಾತಲ್ಲ. 2017ರಲ್ಲಿ ಕೇಂಬ್ರಿಜ್ ಮತ್ತು ಲುವೆನ್‌ಗಳಲ್ಲಿ ಸ್ತ್ರೀಯರ ಒಳಪೊರೆಯ ಜೀವಕೋಶಗಳಿಂದಲೇ ತಟ್ಟೆಯಲ್ಲಿ ಸೂಕ್ಷ್ಮಗಾತ್ರದ ಒಳಪೊರೆಯನ್ನು ಬೆಳೆಸುವ ವಿದ್ಯೆ ಸಿದ್ಧಿಸಿತು. ಅದಕ್ಕೆ ಹಾರ್ಮೋನು ಕೊಟ್ಟರೆ ಅದು ಸ್ತ್ರೀಯ ಪೊರೆಯಂತೆಯೇ ಪ್ರತಿಕ್ರಿಯಿಸುತ್ತದೆ. ಅದಕ್ಕಿಂತಲೂ ಸರಳವಾದ ಮತ್ತು ನನಗೆ ಹೆಚ್ಚು ಅರ್ಥಪೂರ್ಣವಾಗಿ ತೋರುವ ಇನ್ನೊಂದು ದಾರಿ ಇದೆ. ನ್ಯೂಯಾರ್ಕಿನ ಫೈನ್‌ಸ್ಟೈನ್ ಸಂಸ್ಥೆಯವರು ಸ್ತ್ರೀಯರು ಸ್ವತಃ ಸಂಗ್ರಹಿಸಿ ಕೊಟ್ಟ ಮುಟ್ಟಿನ ರಕ್ತವನ್ನು ಪರೀಕ್ಷಿಸಿ, ರೋಗವಿರುವವರ ರಕ್ತದಲ್ಲಿನ ಒಳಪೊರೆಯ ಜೀವಕೋಶಗಳು, ಗರ್ಭಕ್ಕೆ ಸಿದ್ಧವಾಗುವ ಆ ರೂಪಾಂತರವನ್ನು ಸರಿಯಾಗಿ ಹೊಂದಲಾರವು ಎಂದು 2018ರಲ್ಲಿ ತೋರಿಸಿದರು. ಇಲಿಯಲ್ಲಿ ತಾನಾಗಿ ನಡೆಯದೆ ಇರುವುದು ಯಾವುದೋ ಅದೇ ಕ್ರಿಯೆಯಲ್ಲಿ ದೋಷವಿರುವುದು ಹೀಗೆ ಕಂಡುಬಂದಿತು. ನೂರು ವರ್ಷಗಳಿಂದ ಕೋತಿ, ಬಬೂನು, ಇಲಿಗಳ ಉದರವನ್ನು ಬಿಡಿಸಿ ನೋಡುತ್ತಿದ್ದ ವಿಜ್ಞಾನಕ್ಕೆ, ತಿಂಗಳು ತಿಂಗಳೂ ಯಾರ ಹೊಟ್ಟೆಯನ್ನೂ ಕೊಯ್ಯದೆ ದೊರೆಯುವ ಈ ದ್ರವ್ಯ ಕಣ್ಣಿಗೆ ಬೀಳಲು ಇಷ್ಟು ಕಾಲ ಹಿಡಿದುದಕ್ಕೆ ಕಾರಣ ತಂತ್ರಜ್ಞಾನದ ಅಭಾವವೊಂದೇ ಅಲ್ಲ. ಅದು ಅಶುಚಿ, ಅದನ್ನು ಕುರಿತು ಮಾತಾಡಬಾರದು ಎಂಬ ಭಾವನೆ ಪ್ರಯೋಗಶಾಲೆಯ ಬಾಗಿಲಿನ ಒಳಗೂ ಇತ್ತು. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಮುಂಬಯಿಯಲ್ಲಿ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಂತಾನ ಸ್ವಾಸ್ಥ್ಯ ಸಂಸ್ಥೆ ಭಾರತೀಯ ಸ್ತ್ರೀಯರಲ್ಲಿ ಈ ರೋಗದ ಲಕ್ಷಣ ಮತ್ತು ವಂಶವಾಹಿಗಳ ಅಧ್ಯಯನವನ್ನು ಅನೇಕ ಕೇಂದ್ರಗಳಲ್ಲಿ ನಡೆಸುತ್ತಿದೆ. ನಮ್ಮ ಜಿಲ್ಲೆಗಳ ಸ್ತ್ರೀಯರ ಒಪ್ಪಿಗೆಯಿಂದ, ಅವರ ಮಾನಕ್ಕೆ ಕುಂದು ಬಾರದಂತೆ, ಇಂಥ ದ್ರವ್ಯವನ್ನು ಸಂಗ್ರಹಿಸಿ ಅಭ್ಯಸಿಸುವುದು ಅಸಾಧ್ಯವಲ್ಲ. ಅದು ಬೋನುಗಳನ್ನು ಕಟ್ಟಿ ಕೋತಿಗಳನ್ನು ಸಾಕುವುದಕ್ಕಿಂತ ಬಹಳ ಕಡಮೆ ವೆಚ್ಚದ್ದು.

ಉಪಕರಣಗಳ ಅಭಾವವನ್ನು ಮುಂದೊಡ್ಡುವವರಿಗೆ ಒಂದು ಕಹಿ ಸಂಗತಿಯನ್ನು ನೆನಪಿಸಬೇಕಾಗಿದೆ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ, ಬೆಲ್ಲ ಕಾಯಿಸುವ ಕೊಪ್ಪರಿಗೆಗಳ ನೆರೆಯಲ್ಲಿಯೇ, ಸ್ಕ್ಯಾನಿಂಗ್ ಯಂತ್ರವನ್ನು ಇಟ್ಟು ಗರ್ಭದೊಳಗಿನ ಕೂಸು ಹೆಣ್ಣೇ ಎಂದು ಪತ್ತೆಹಚ್ಚುತ್ತಿದ್ದ ಜಾಲ ಬಯಲಾಯಿತು. ಅಂಡಾಶಯದ ಚಾಕೊಲೇಟ್ ಸಿಸ್ಟನ್ನು ಕಾಣುವುದಕ್ಕೆ ಬೇಕಾದುದೂ ಅದೇ ಬಗೆಯ ಯಂತ್ರ. ಹುಟ್ಟಲಿರುವ ಹೆಣ್ಣನ್ನು ಅಳಿಸುವುದಕ್ಕೆ ಕಬ್ಬಿನ ಗದ್ದೆಯ ನಡುವಿಗೂ ಹೋದ ಯಂತ್ರ, ಹುಟ್ಟಿ ಬೆಳೆದು ನೋಯುತ್ತಿರುವ ಹೆಣ್ಣಿನ ಕಿಬ್ಬೊಟ್ಟೆಯನ್ನು ನೋಡುವುದಕ್ಕೆ ತಾಲ್ಲೂಕು ಆಸ್ಪತ್ರೆಯವರೆಗೂ ಸಕಾಲಕ್ಕೆ ಬಾರದೆಂದರೆ ನಂಬುವುದು ಹೇಗೆ? ಯುರೋಪಿನ ತಜ್ಞಮಂಡಲಿ 2022ರಲ್ಲಿಯೇ, ಉದರದರ್ಶಕವನ್ನು ತೂರಿಸಿ ನೋಡಿದ ಹೊರತು ರೋಗವನ್ನು ನಿರ್ಣಯಿಸಬಾರದೆಂಬ ಹಳೆಯ ನಿಯಮವನ್ನು ಸಡಿಲಿಸಿ, ರೋಗಿಯ ಲಕ್ಷಣ ಮತ್ತು ಸ್ಕ್ಯಾನಿಂಗುಗಳ ಆಧಾರದ ಮೇಲೆಯೇ ಚಿಕಿತ್ಸೆಗೆ ತೊಡಗಬಹುದೆಂದು ಹೇಳಿದೆ.

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಸ್ತ್ರೀಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬೆಳಗಾಗುತ್ತಲೇ ಗಾರ್ಮೆಂಟ್ಸ್ ಕಾರ್ಖಾನೆಯ ವಾಹನಗಳಲ್ಲಿ ನಿಂತು ಮದ್ದೂರಿನ ಕಡೆಗೆ ಹೋಗುವ ಹೆಣ್ಣುಮಕ್ಕಳಿಗೆ ಅದು ದೊಡ್ಡ ಸಮಾಧಾನ. ಆದರೆ ಪ್ರತಿ ತಿಂಗಳೂ ಆ ಒಂದು ದಿನ ಸಾಲದೆ ಇನ್ನೆರಡು ದಿನದ ಕೂಲಿಯನ್ನು ಕಳೆದುಕೊಳ್ಳುವವಳು ಯಾರು, ಏಕೆ ಎಂದು ಕೇಳಿ ಬರೆದಿಡುವ ಪುಸ್ತಕ ಯಾವ ಕಾರ್ಖಾನೆಯ ದವಾಖಾನೆಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಆಸ್ಪತ್ರೆಗಳಲ್ಲಿ ಹೊಟ್ಟೆನೋವೆಂದು ಬಂದ ಪ್ರತಿಯೊಬ್ಬ ಹುಡುಗಿಯನ್ನೂ ಕೇಳಬಹುದಾದ ಪ್ರಶ್ನೆಗಳು ನಾಲ್ಕೇ: ನೋವು ಮುಟ್ಟಿನೊಡನೆ ಬರುತ್ತದೆಯೇ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ, ಮಲಮೂತ್ರ ವಿಸರ್ಜನೆಯಲ್ಲಿಯೂ ಆ ದಿನಗಳಲ್ಲಿ ನೋಯುತ್ತದೆಯೇ, ತಾಯಿಗೋ ಅಕ್ಕನಿಗೋ ಹೀಗೆಯೇ ಇತ್ತೇ. ಈ ಉತ್ತರಗಳನ್ನು ಯಾವ ಇಲಿಯೂ ಯಾವ ಬಬೂನೂ ಕೊಡಲಾರದು. ಪ್ರಾಣಿಪ್ರಯೋಗದ ಅನುಮತಿ ಬೇಡಿ ನೀತಿಸಮಿತಿಯ ಮುಂದೆ ಬರುವ ಸಂಶೋಧಕನು ಪ್ರಾಣಿಗಳ ಸಂಖ್ಯೆಯನ್ನೂ ಅರಿವಳಿಕೆಯ ವಿಧವನ್ನೂ ಬರೆದು ಸಲ್ಲಿಸುತ್ತಾನೆ. ಅದರ ಜೊತೆಗೆ, ತನ್ನ ಪ್ರಶ್ನೆಗೆ ಸ್ತ್ರೀಯರ ಮಾತಿನಿಂದಾಗಲಿ ಅವರು ಒಪ್ಪಿ ಕೊಟ್ಟ ಅಂಗಾಂಶದಿಂದಾಗಲಿ ಉತ್ತರ ಏಕೆ ದೊರೆಯದು ಎಂಬುದನ್ನೂ, ತಾನು ಅಳೆಯಹೊರಟಿರುವುದು ಗಂಟನ್ನೋ ನೋವನ್ನೋ ಎಂಬುದನ್ನೂ ಒಂದು ಪುಟದಲ್ಲಿ ಬರೆದುಕೊಡಬೇಕೆಂದು ಸಮಿತಿ ವಿಧಿಸುವುದಕ್ಕೆ ಹೊಸ ಕಾಯಿದೆಯ ಅಗತ್ಯವಿಲ್ಲ. 1960ರ ಕಾಯಿದೆಯ 17ನೆಯ ಪ್ರಕರಣವೇ ಸಾಕು.